ಲೀಲಕ್ಕ ಇಂಗ್ಲಿಷ್ ಕಲಿತ ಮಳೆಗಾಲ

ಮೊನ್ನೆ ಮಣಿಪಾಲದಲ್ಲಿ, ನಾನು ಕೆಲಸಕ್ಕಿರುವ ಹುಡುಗಿಯರ ಪಿ.ಜಿ.ಯ ಅಡುಗೆಮನೆಯಲ್ಲಿ ಅರಶಿನ ಎಲೆಯ ಗಟ್ಟಿ ಬೇಯಿಸಿದ್ದರು. ಅಕ್ಕಿಹಿಟ್ಟು, ಬೆಲ್ಲ, ತೆಂಗಿನತುರಿ ಎಲೆಯೊಳಗೆ ಬೆಂದು ಹಬೆ ಹೊರಗೆ ಬರುವಾಗ ಎಂಥವರಿಗೂ ಹಸಿವಾಗುತ್ತದೆ. ನನಗೆ ಮಾತ್ರ ಹಸಿವಾಗಲಿಲ್ಲ. ಕೌಂಟರಿನ ಎದುರು ನಿಂತಿದ್ದ ಹುಡುಗಿ ಏನೋ ಕೇಳುತ್ತಿದ್ದಳು. ಅವಳು ಎರಡನೇ ಸಲ ಕೇಳಿದ ಮೇಲೆ ಉತ್ತರ ಕೊಟ್ಟೆ. ಮೂರು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಸಾವಿನ ಮನೆಯೆಂದು ನಂಬಿಕೊಂಡು ಬಜಗೋಳಿಯ ಒಂದು ಮನೆಯ ಮೆಟ್ಟಿಲು ಹತ್ತಿದಾಗ ನನ್ನ ಮೂಗಿಗೆ ಬಡಿದದ್ದು ಇದೇ ವಾಸನೆ.

ಆ ವರ್ಷ ನಾನು ಇಂಗ್ಲಿಷ್ ಕಲಿಯಲು ಹೊರಟಿದ್ದೆ. ಹೊರಟದ್ದೇನೂ ಅಲ್ಲ, ಹೊರಡಿಸಿದರು. ಕಾಪುವಿನಿಂದ ಬಂದು ಹೋಗಿ ಕೆಲಸ ಮಾಡುವ ನನಗೆ ಕೌಂಟರಿನಲ್ಲಿ ಕುಳಿತು ಕೀಲಿಕೈ ಕೊಡುವುದು, ಪಾರ್ಸೆಲ್ ತೆಗೆದಿಡುವುದು, ಬಂದವರ ಹೆಸರು ಬರೆಸಿಕೊಳ್ಳುವುದು ಇಷ್ಟಕ್ಕೆ ಹರುಕು ಹಿಂದಿ ಸಾಕಾಗುತ್ತಿತ್ತು. ಒಂದು ದಿನ ಉತ್ತರದ ಕಡೆಯ ಹುಡುಗಿಯೊಬ್ಬಳು ಮುಖ ಬಿಳುಚಿಕೊಂಡು ಬಂದು, ‘ಐ ಫೀಲ್ ಲೈಕ್ ಥ್ರೋಯಿಂಗ್ ಅಪ್’ ಎಂದಳು. ಥ್ರೋ ಎಂದರೆ ಎಸೆಯುವುದು ಎಂದು ನನಗೆ ಗೊತ್ತಿತ್ತು. ಎಸೆಯಲು ಏನೋ ಕಸವಿರಬೇಕು ಎಂದುಕೊಂಡು ಹಿತ್ತಿಲಿನ ಕಡೆ ಕೈ ತೋರಿಸಿದೆ. ಅವಳು ಹಿತ್ತಿಲಿನ ಮೆಟ್ಟಿಲಿನವರೆಗೆ ಹೋಗಿ ಅಲ್ಲೇ ವಾಂತಿ ಮಾಡಿಕೊಂಡು, ತಲೆಸುತ್ತಿ ಬಿದ್ದಳು. ಹಣೆಗೆ ಮೂರು ಹೊಲಿಗೆ ಹಾಕಬೇಕಾಯಿತು.

ಮರುದಿನ ಪಿ.ಜಿ.ಯ ಯಜಮಾನರು ನನ್ನನ್ನು ಕರೆದು ಗಟ್ಟಿಯಾಗಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ಪ್ರೇಮಾ, ನೀವು ಒಳ್ಳೆ ಜನ. ಆದರೆ ಆ ಮಗುವಿಗೆ ಇನ್ನೂ ಹೆಚ್ಚು ಏನಾದರೂ ಆಗಿದ್ದರೆ? ಚೌತಿಯ ಒಳಗೆ ಸ್ವಲ್ಪ ಇಂಗ್ಲಿಷ್ ಕಲಿಯಿರಿ. ಇಲ್ಲದಿದ್ದರೆ ಕೌಂಟರಿಗೆ ಬೇರೆಯವರನ್ನು ನೋಡಬೇಕಾಗ್ತದೆ’ ಎಂದರು.

ಹಾಗೆ ಸಿಂತಿಯಾ ಟೀಚರ್ ಸಿಕ್ಕಿದರು. ಕಾರ್ಕಳದವರು, ಶಾಲೆಯಿಂದ ನಿವೃತ್ತರಾಗಿ ಮನೆಯಲ್ಲೇ ಕುಳಿತು ಫೋನಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಏನೂ ಬಾರದ ಹನ್ನೆರಡು ಜನ ನಾವು, ಎಲ್ಲರೂ ಹೆಂಗಸರು. ಟೀಚರ್ ಬೆಳಿಗ್ಗೆ ಪಾಠವನ್ನು ತಮ್ಮ ದನಿಯಲ್ಲಿ ಕಳಿಸುತ್ತಿದ್ದರು. ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿ, ದಿನಕ್ಕೆ ಇಪ್ಪತ್ತು ನಿಮಿಷ ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ಕಟ್ಟಳೆ ಮಾಡಿದ್ದರು. ಬಾಯಲ್ಲಿ ತುಳು ಬಂದರೆ ತಕ್ಷಣ ಫೋನ್ ಇಡಬೇಕು. ದೂರದೂರದವರನ್ನೇ ಜೋಡಿ ಮಾಡುತ್ತಿದ್ದರು. ಹತ್ತಿರದವರಾದರೆ ಭೇಟಿಯಾಗಿ ತುಳುವಿನಲ್ಲಿ ಹರಟೆ ಹೊಡೆದು, ಇಂಗ್ಲಿಷ್ ಮಾತಾಡಿದೆವು ಎಂದು ಸುಳ್ಳು ಹೇಳುತ್ತೀರಿ ಎಂಬುದು ಅವರ ಲೆಕ್ಕಾಚಾರ.

ನನ್ನ ಜೋಡಿ ಬಜಗೋಳಿಯ ಲೀಲಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವರು ಎಂದು ದನಿಯಿಂದಲೇ ಗೊತ್ತಾಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ, ಹುಡುಗಿಯರೆಲ್ಲ ಕಾಲೇಜಿನಲ್ಲಿರುವ ಹೊತ್ತಿನಲ್ಲಿ, ನಾನು ಫೋನ್ ಮಾಡುತ್ತಿದ್ದೆ. ಅವರ ಕಡೆ ಹಂಚಿನ ಮೇಲೆ ಮಳೆ ಸುರಿಯುವ ಸದ್ದು ಅವರ ಮಾತಿಗಿಂತ ಜೋರಾಗಿ ಕೇಳುತ್ತಿತ್ತು.

ಮೊದಲ ಪಾಠ ಮನೆಯವರನ್ನು ಪರಿಚಯಿಸುವುದು. ‘ಮೈ ಹಸ್ಬೆಂಡ್ ಈಸ್ ಸದಾನಂದ. ಹಿ ಈಸ್ ಡ್ರೈವರ್. ಮೈ ಡಾಟರ್ ಈಸ್ ನರ್ಸ್ ಇನ್ ಮಂಗಳೂರು’ ಎಂದರು ಲೀಲಕ್ಕ. ನಾನು, ‘ಮೈ ಹಸ್ಬೆಂಡ್ ಈಸ್ ಇನ್ ಬೋಟ್’ ಎಂದೆ. ಮಲ್ಪೆಯ ಬೋಟಿನಲ್ಲಿ ಕೆಲಸ ಎಂದು ಹೇಳಲು ನನಗೆ ಅಷ್ಟೇ ಬರುತ್ತಿದ್ದದ್ದು. ಮಳೆಗಾಲದಲ್ಲಿ ಬೋಟು ಕಡಲಿಗಿಳಿಯುವುದಿಲ್ಲವಾದ್ದರಿಂದ ನಿಜಕ್ಕೂ ಆಗ ನನ್ನ ಗಂಡ ಮನೆಯ ಚಾವಡಿಯಲ್ಲಿ ಬೀಡಿ ಸೇದುತ್ತ, ದಿನಕ್ಕೆ ನಾಲ್ಕು ಮಾತೂ ಆಡದೆ ಕೂತಿರುತ್ತಿದ್ದರು.

ಮರುದಿನದಿಂದ ನಮ್ಮ ಮಾತು ಶುರುವಾಗುತ್ತಿದ್ದುದೇ ಒಬ್ಬರು ಇನ್ನೊಬ್ಬರ ಗಂಡನನ್ನು ವಿಚಾರಿಸುವುದರಿಂದ.

‘ಹೌ ಈಸ್ ಯುವರ್ ಹಸ್ಬೆಂಡ್, ಸಿಸ್ಟರ್?’

‘ಹಿ ಈಸ್ ಫೈನ್. ಹಿ ಈಸ್ ಸ್ಲೀಪಿಂಗ್.’

ಲೀಲಕ್ಕನ ಗಂಡ ಎತ್ತರದ ಮನುಷ್ಯ. ಬಂಗುಡೆ ಮೀನಿನ ಸಾರು ಇಷ್ಟ, ಬೂತಾಯಿ ಮೀನು ಆಗದು. ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು. ಕೊಡೆ ಹಿಡಿಯುವುದೇ ಇಲ್ಲ. ಒದ್ದೆಯಾಗಿ ಬರುತ್ತಾರೆ, ಲೀಲಕ್ಕ ದಿನಾ ಬೈಯುತ್ತಾರೆ, ಗಂಡ ದಿನಾ ನಗುತ್ತಾರೆ. ‘ಎವರಿ ಡೇ ಐ ಶೌಟ್. ಎವರಿ ಡೇ ಹಿ ಲಾಫ್.’ ಈ ವಾಕ್ಯ ಹೇಳುವಾಗ ಲೀಲಕ್ಕನ ದನಿಯಲ್ಲಿ ಎಂಥದೋ ಹುರುಪಿರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತೆಂದರೆ ಸುಳ್ಳಲ್ಲ. ಸಂಜೆ ಕಾಪುವಿನಲ್ಲಿ ಬಸ್ಸಿಳಿದು ಮನೆಗೆ ಹೋಗಿ ಚಾವಡಿಯಲ್ಲಿ ಕೂತ ನನ್ನ ಗಂಡನನ್ನು ನೋಡುವಾಗ, ಇವರಿಗೂ ಆ ಬಜಗೋಳಿಯ ಡ್ರೈವರಿನ ಹಾಗೆ ಸ್ವಲ್ಪ ನಗಲು ಬಂದಿದ್ದರೆ ಎನಿಸುತ್ತಿತ್ತು.

ಎರಡು ತಿಂಗಳು ಹೀಗೇ ಹೋಯಿತು. ಆಟಿ ತಿಂಗಳ, ಅಂದರೆ ಆಷಾಢದ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಶನಿವಾರ, ಟೀಚರ್ ಭೂತಕಾಲದ ಪಾಠ ಕಳಿಸಿದರು. ನಿನ್ನೆ ಏನು ಮಾಡಿದಿರಿ, ನಿನ್ನೆ ಎಲ್ಲಿಗೆ ಹೋದಿರಿ, ಹೀಗೆ ಹತ್ತು ಪ್ರಶ್ನೆ. ಮೂರು ಗಂಟೆಗೆ ನಾನು ಎಂದಿನಂತೆ ಲೀಲಕ್ಕನಿಗೆ ಫೋನ್ ಮಾಡಿ, ಪುಸ್ತಕದಲ್ಲಿ ಬರೆದುಕೊಂಡದ್ದನ್ನು ನೋಡಿಕೊಂಡು ಕೇಳಿದೆ.

‘ವಾಟ್ ಡಿಡ್ ಯುವರ್ ಹಸ್ಬೆಂಡ್ ಈಟ್ ಯೆಸ್ಟರ್ಡೇ?’

ಆ ಕಡೆ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ನಿಧಾನವಾಗಿ ಕೇಳಿದೆ. ಆಗ ಲೀಲಕ್ಕ ಒಂದೊಂದೇ ಶಬ್ದ ಹುಡುಕಿ ತೆಗೆದ ಹಾಗೆ ಹೇಳಿದರು: ‘ಮೈ ಹಸ್ಬೆಂಡ್ ಡೈಡ್.’

ಫೋನ್ ಕಟ್ಟಾಯಿತು.

ನಾನು ಪೆನ್ನು ಹಿಡಿದುಕೊಂಡೇ ಕುಳಿತಿದ್ದೆ. ನಿನ್ನೆ ಏನು ತಿಂದರು ಎಂದು ಕೇಳಿದ್ದಕ್ಕೆ ತೀರಿಕೊಂಡರು ಎಂಬ ಉತ್ತರ. ಶುಕ್ರವಾರ ಇದೇ ಹೊತ್ತಿಗೆ ಅವರು ನಿದ್ದೆ ಮಾಡುತ್ತಿದ್ದಾರೆ ಎಂದಿದ್ದರು ಲೀಲಕ್ಕ. ಮತ್ತೆ ಫೋನ್ ಮಾಡಿದೆ, ಸ್ವಿಚ್ ಆಫ್. ಆರು ಗಂಟೆಯವರೆಗೆ ಹತ್ತು ಸಲ ಮಾಡಿದೆ. ಸತ್ತ ಮನೆಯಲ್ಲಿ ಕುಳಿತ ಹೆಂಗಸಿನ ಹತ್ತಿರ ನಾನು ಪಾಠದ ಪ್ರಶ್ನೆ ಕೇಳಿದೆನಲ್ಲ, ಅದೂ ಎರಡು ಸಲ, ಎಂದು ನಾಚಿಕೆಯಾಯಿತು.

ಮರುದಿನ ಭಾನುವಾರ. ಕಾಪುವಿನಿಂದ ಶಿರ್ವ, ಬೆಳ್ಮಣ್ ಸುತ್ತಿ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಜಗೋಳಿಯಲ್ಲಿ ಇಳಿದೆ. ಮುಖ ನೋಡದ ಗೆಳತಿಗೆ ಏನೆಂದು ಸಮಾಧಾನ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಪೇಟೆಯ ಅಂಗಡಿಯೊಂದರಲ್ಲಿ, ‘ಡ್ರೈವರ್ ಸದಾನಂದರ ಮನೆ ಎಲ್ಲಿ? ಮೊನ್ನೆ ತೀರಿಕೊಂಡರಲ್ಲ’ ಎಂದು ಕೇಳಿದೆ.

ಅಂಗಡಿಯವರು ತೂಕ ಮಾಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ‘ಯಾವ ಸದಾನಂದ? ಲೀಲನ ಗಂಡ ಸದಾನಂದನಾ?’

‘ಹೌದು. ಲೀಲಕ್ಕನ ಯಜಮಾನರು.’

‘ಅವ ಮಸ್ಕತ್ತಿನಲ್ಲಿ ತೀರಿಕೊಂಡದ್ದು ಮಾರಾಯ್ತಿ. ಹನ್ನೊಂದು ವರ್ಷ ಆಯ್ತಲ್ಲ.’

ಅವರು ದಾರಿ ಹೇಳಿದರು. ನಾನು ಆ ದಾರಿ ಹಿಡಿದು ನಡೆದೆ. ಎರಡು ತಿಂಗಳು ನಾನು ದಿನಾ ಕ್ಷೇಮ ವಿಚಾರಿಸಿದ, ಬಂಗುಡೆ ತಿನ್ನುವ, ಕೊಡೆ ಹಿಡಿಯದ, ನಾನು ಒಳಗೊಳಗೇ ಕರುಬಿದ ಆ ಮನುಷ್ಯ ಹನ್ನೊಂದು ವರ್ಷದಿಂದ ಇಲ್ಲ. ಲೀಲಕ್ಕನಿಗೆ ತಲೆ ಸರಿಯಿಲ್ಲವೇ, ಇಲ್ಲ ನನ್ನನ್ನು ಆಟವಾಡಿಸಿದರೇ ಎಂದು ಹೆಜ್ಜೆಗೊಂದು ಯೋಚನೆ. ಮೆಟ್ಟಿಲು ಹತ್ತಿದಾಗ ಒಳಗಿನಿಂದ ಅರಶಿನ ಎಲೆ ಬೇಯುವ ವಾಸನೆ. ಬಾಗಿಲಿಗೆ ಬಂದವರು ಗಿಡ್ಡನೆಯ, ನರೆತ ಕೂದಲಿನ, ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಹೆಂಗಸು.

‘ನಾನು ಪ್ರೇಮ’ ಎಂದೆ. ನಾವಿಬ್ಬರೂ ತುಳುವಿನಲ್ಲಿ ಮಾತಾಡಿದ್ದು ಅದೇ ಮೊದಲು. ಆ ದಿನ ಆಡಿದ್ದೆಲ್ಲ ತುಳುವಿನಲ್ಲೇ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ನನ್ನ ಮುಖವನ್ನೇ ನೋಡಿದರು. ನನ್ನ ಬಿಳಿ ಸೀರೆ, ಕೈಯಲ್ಲಿದ್ದ ಹಣ್ಣಿನ ಚೀಲ ನೋಡಿ ಅವರಿಗೆ ಎಲ್ಲ ಗೊತ್ತಾಯಿತು. ‘ಅಯ್ಯೋ ದೇವರೇ, ನೀನು ಸಾವು ವಿಚಾರಿಸ್ಲಿಕ್ಕೆ ಬಂದದ್ದಾ’ ಎಂದು ಬಾಗಿಲಿಗೆ ಒರಗಿ ನಿಂತರು. ‘ಕರೆಂಟು ಹೋಗಿತ್ತು, ಫೋನಿಗೆ ಚಾರ್ಜ್ ಇರಲಿಲ್ಲ. ಬಂದ ಮೇಲೆ ನಿನಗೆ ಫೋನ್ ಮಾಡ್ಲಿಕ್ಕೆ ಮುಖ ಬರಲಿಲ್ಲ.’

ಚಾವಡಿಯ ಗೋಡೆಯಲ್ಲಿ ಫೋಟೊ ಇತ್ತು. ಎತ್ತರದ ಮನುಷ್ಯ, ಫೋಟೊದಲ್ಲೂ ಸ್ವಲ್ಪ ನಗುತ್ತಿದ್ದರು.

‘ಯಾಕೆ ಅಕ್ಕ ಹೀಗೆ ಮಾಡಿದ್ದು?’ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

‘ಬೇಕು ಅಂತ ಮಾಡಿದ್ದಲ್ಲ. ಮೊದಲ ದಿನ ಟೀಚರ್ ಕಲಿಸಿದ್ದು ಈಸ್ ಮಾತ್ರ. ತೀರಿಕೊಂಡವರನ್ನು ಹೇಳುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಇದ್ದ ಶಬ್ದದಲ್ಲಿ ಹೇಳಿದೆ. ಮರುದಿನ ಸರಿ ಮಾಡುವ ಅಂತ ಇದ್ದೆ. ಮರುದಿನ ನೀನು ಫೋನ್ ಮಾಡಿದವಳೇ, ಹೌ ಈಸ್ ಯುವರ್ ಹಸ್ಬೆಂಡ್ ಅಂತ ಕೇಳಿದಿ.’ ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿ ತೆಗೆದರು. ‘ಹನ್ನೊಂದು ವರ್ಷದಲ್ಲಿ ನನ್ನ ಹತ್ರ ಯಾರೂ ಅದನ್ನು ಕೇಳಿರಲಿಲ್ಲ. ಫೈನ್ ಅಂತ ಹೇಳಿದೆ. ಹೇಳಿದ ಮೇಲೆ ಇಡೀ ದಿನ ಎಂತದೋ ಒಂದು ಸುಖ. ನಿನ್ನೆಯ ಪಾಠದಲ್ಲಿ ಡಿಡ್ ಬಂತು. ಇನ್ನು ಆಗುವುದಿಲ್ಲ ಅಂತ ಗೊತ್ತಾಯ್ತು.’

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರು ಬಿಸಿ ಗಟ್ಟಿ ತಟ್ಟೆಗೆ ಹಾಕಿಕೊಟ್ಟರು. ನಾನು ತಿನ್ನಲಾರದೆ ಎಲೆ ಬಿಡಿಸುತ್ತ ಕುಳಿತೆ.

ತಾನು ಇಂಗ್ಲಿಷ್ ಏಕೆ ಕಲಿಯುತ್ತಿದ್ದೇನೆ ಎಂದು ಲೀಲಕ್ಕ ಹೇಳಿದ್ದು ಆಗಲೇ. ಸದಾನಂದರು ಮಸ್ಕತ್ತಿನಲ್ಲಿ ಡ್ರೈವರ್ ಆಗಿದ್ದರು. ಮಲಗಿದಲ್ಲೇ ಹೃದಯ ನಿಂತುಹೋಯಿತು ಎಂದು ಸುದ್ದಿ ಬಂದದ್ದು. ಒಂಬತ್ತು ದಿನದ ಮೇಲೆ ಪೆಟ್ಟಿಗೆಯಲ್ಲಿ ದೇಹ ಬಂತು. ಅವರ ರೂಮಿನಲ್ಲಿ ಫಿಲಿಪ್ಪೀನ್ಸಿನ ಡ್ಯಾನಿ ಎಂಬ ಅಡುಗೆಯವನಿದ್ದ. ಅದರ ಹಿಂದಿನ ವರ್ಷ ಮಸ್ಕತ್ತಿನಿಂದ ರಜೆಗೆ ಬಂದ ಕಾರ್ಕಳದವರೊಬ್ಬರು ಅವನ ನಂಬರ್ ತಂದುಕೊಟ್ಟು, ‘ಕಂಡಾಗಲೆಲ್ಲ ನಿಮ್ಮನ್ನು ವಿಚಾರಿಸ್ತಾನೆ. ನಿಮ್ಮ ಹತ್ರವೇ ಎಂತದೋ ಮಾತಾಡ್ಲಿಕ್ಕೆ ಉಂಟಂತೆ. ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ’ ಎಂದಿದ್ದರು.

‘ಮಗಳಿಗೆ ಇಂಗ್ಲಿಷ್ ಬರ್ತದಲ್ವಾ? ಮಂಗಳೂರಿನಲ್ಲಿ ನರ್ಸ್ ಅಲ್ವಾ?’ ಎಂದೆ.

‘ಅವಳ ಅಪ್ಪ ಹೇಗೆ ಸತ್ತರು ಅಂತ ಅವಳೇ ಕೇಳಿ ನನಗೆ ಹೇಳುವುದಾ? ಬೇಡ. ಮೊದಲು ನನ್ನ ಕಿವಿಗೆ ಬೀಳಲಿ. ಆಮೇಲೆ ಅವಳಿಗೆ ಎಷ್ಟು ಹೇಳಬೇಕೋ ನೋಡುವ.’

ಆ ವಾರ ಲೀಲಕ್ಕನ ಒಪ್ಪಿಗೆ ಪಡೆದು ಟೀಚರಿಗೆ ವಿಷಯ ತಿಳಿಸಿದೆ. ಅವರು ಎಲ್ಲ ಕೇಳಿಸಿಕೊಂಡರು. ಕೊನೆಗೆ, ‘ಪ್ರಶ್ನೆ ಕೇಳ್ಲಿಕ್ಕೆ ಅವಳಿಗೆ ಈಗಲೇ ಬರ್ತದೆ ಪ್ರೇಮಾ. ಉತ್ತರ ಅರ್ಥ ಆಗಬೇಕಲ್ಲ. ಅದನ್ನು ಕಲಿಸ್ತೇನೆ’ ಎಂದರು. ಹದಿನೈದು ದಿನ, ಸಂಜೆ ಐದಕ್ಕೆ, ಟೀಚರ್ ನಮ್ಮಿಬ್ಬರನ್ನೂ ಫೋನಿನಲ್ಲಿ ಸೇರಿಸಿಕೊಂಡು ತಾವು ಡ್ಯಾನಿಯಾಗಿ ಬಗೆಬಗೆಯ ಉತ್ತರ ಕೊಡುತ್ತಿದ್ದರು. ಅವನಿಗೆ ಎದೆನೋವು ಬಂತು. ಅವನು ಬಿದ್ದ. ಗಾಡಿ ಹೊಡೆಯಿತು. ಅವನು ಏನೂ ಹೇಳಲಿಲ್ಲ. ಒಬ್ಬ ಮನುಷ್ಯ ಸಾಯಬಹುದಾದ ಬಗೆಗಳನ್ನೆಲ್ಲ ನಾವು ಇಂಗ್ಲಿಷಿನಲ್ಲಿ ಕಲಿತೆವು. ಪ್ರತಿ ವಾಕ್ಯದ ನಂತರ ಟೀಚರ್ ನಿಲ್ಲುತ್ತಿದ್ದರು. ಲೀಲಕ್ಕ ಅದರ ಅರ್ಥ ಹೇಳಬೇಕು. ಅವರು ಒಂದು ದಿನವೂ ಅಳಲಿಲ್ಲ, ತಪ್ಪಿದಲ್ಲಿ ಇನ್ನೊಮ್ಮೆ ಹೇಳಿ ಎನ್ನುತ್ತಿದ್ದರು. ಪಿ.ಜಿ.ಯ ಕೌಂಟರಿನ ಹಿಂದೆ ಕುಳಿತ ನಾನು ಕೆಲವೊಮ್ಮೆ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದೆ.

ಡ್ಯಾನಿಗೆ ಶುಕ್ರವಾರ ರಜೆ. ನಾನೂ ಅರ್ಧ ದಿನ ರಜೆ ಹಾಕಿ ಬಜಗೋಳಿಗೆ ಹೋದೆ. ಚಾವಡಿಯಲ್ಲಿ ಚಾಪೆ ಹಾಸಿ, ಪುಸ್ತಕ ತೆರೆದಿಟ್ಟು, ಫೋನನ್ನು ನಡುವೆ ಇಟ್ಟು ಲೀಲಕ್ಕ ನಂಬರ್ ಒತ್ತಿದರು. ಎತ್ತಿದ ಗಂಡಸು ಹಲೋ ಎಂದ.

‘ಮೈ ನೇಮ್ ಈಸ್ ಲೀಲಾ. ಐ ಆಮ್ ವೈಫ್ ಆಫ್ ಸದಾನಂದ.’

ಆಚೆ ಕಡೆ ಕುರ್ಚಿ ಎಳೆದ ಸದ್ದಾಯಿತು. ‘ಮೇಡಂ’ ಎಂದ ಅವನು. ಮತ್ತೆ, ‘ಮೇಡಂ, ಲಾಂಗ್ ಟೈಮ್ ಐ ವೇಟ್’ ಎಂದ.

ಲೀಲಕ್ಕ ಪುಸ್ತಕ ನೋಡಲಿಲ್ಲ. ‘ಹೌ ಡಿಡ್ ಹಿ ಡೈ?’ ಎಂದು ಕೇಳಿದರು.

‘ಇನ್ ಹಾಸ್ಪಿಟಲ್, ಮೇಡಂ. ಟೂ ಡೇಸ್.’

ಇದು ನಾವು ಕಲಿತ ಯಾವ ಉತ್ತರವೂ ಆಗಿರಲಿಲ್ಲ. ಲೀಲಕ್ಕ ನನ್ನ ಕಡೆ ನೋಡಿದರು. ‘ನಾಟ್ ಇನ್ ಸ್ಲೀಪ್?’

‘ನೋ, ನೋ. ಹಿ ವಾಸ್ ಟಾಕಿಂಗ್. ಟೂ ಡೇಸ್ ಟಾಕಿಂಗ್.’

‘ಟಾಕಿಂಗ್ ಅಂದ್ರೆ ಮಾತಾಡ್ತಾ ಇದ್ರು ಅಂತ ಅಲ್ವಾ?’ ಎಂದು ಲೀಲಕ್ಕ ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ‘ಸೇ ಇಟ್ ಅಗೇನ್ ಸ್ಲೋಲಿ, ಪ್ಲೀಸ್’ ಎಂದರು ಫೋನಿಗೆ.

ಡ್ಯಾನಿ ಬಿಡಿಸಿ ಹೇಳಿದ. ಬೆಳಿಗ್ಗೆ ಎದೆನೋವು ಬಂತು, ಆಸ್ಪತ್ರೆಗೆ ಸೇರಿಸಿದರು. ಅವನು ಪಕ್ಕದಲ್ಲೇ ಕುಳಿತಿದ್ದ. ಸದಾನಂದರು ಮನೆಗೆ ಫೋನ್ ಮಾಡು ಎಂದರು. ಎರಡು ಸಲ ಮಾಡಿ ಅವರ ಕೈಗೇ ಕೊಟ್ಟ. ಎರಡು ಸಲವೂ ಎತ್ತಿದ್ದು ಅವರ ಅಣ್ಣ. ‘ಹಿಸ್ ಬ್ರದರ್ ಟುಕ್ ದ ಫೋನ್. ನಾಟ್ ಯೂ, ಮೇಡಂ. ವೈ ನಾಟ್ ಯೂ?’

ಅಷ್ಟರಲ್ಲಿ ಮಾತು ತುಂಡುತುಂಡಾಗಿ ಕೇಳತೊಡಗಿ, ಲೈನ್ ಹೋಯಿತು.

ಆ ಕಾಲದಲ್ಲಿ ಲೀಲಕ್ಕನ ಹತ್ತಿರ ಫೋನ್ ಇರಲಿಲ್ಲ. ಒಂದೇ ಅಂಗಳದ ಆಚೆ ಬದಿಯ ಮನೆ ಗಂಡನ ಅಣ್ಣ ಶೇಖರ ಭಾವನದು. ಸದಾನಂದರ ಫೋನ್ ಅಲ್ಲಿಗೇ ಬರುತ್ತಿತ್ತು. ಭಾವ ಅಂಗಳದಿಂದ ಲೀಲಾ ಎಂದು ಕೂಗಿದರೆ ಇವರು ಓಡಿ ಹೋಗಿ ಮಾತಾಡುತ್ತಿದ್ದರು. ಗಂಡ ಹೋದ ಮೇಲೆ ಮಗಳನ್ನು ಓದಿಸಿದ್ದು, ಮನೆಯ ಮಾಡು ಬಿಚ್ಚಿ ಹೊಸ ಹಂಚು ಹೊದಿಸಿದ್ದು, ಇವರಿಗೆ ಯಾರೂ ಒಂದು ಮಾತು ಅನ್ನದ ಹಾಗೆ ನೋಡಿಕೊಂಡದ್ದು ಎಲ್ಲ ಆ ಭಾವನೇ. ಮಲಗಿದಲ್ಲೇ ಹೋದ ಎಂಬ ಸುದ್ದಿ ಹೇಳಿದ್ದೂ ಅವರೇ.

ಲೀಲಕ್ಕ ಎದ್ದು ಅಂಗಳ ದಾಟಿದರು. ನಾನು ಹಿಂದೆ ಹೋದೆ. ಭಾವ ಜಗಲಿಯಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಸೀಳಿ ಕಸ ಗುಡಿಸುವ ಹಿಡಿಸೂಡಿ ಕಟ್ಟುತ್ತಿದ್ದರು. ಎಪ್ಪತ್ತು ದಾಟಿದ, ಸಣಕಲು ಮೈಯ ಮನುಷ್ಯ.

‘ಭಾವ, ಅವರು ಎರಡು ದಿನ ಆಸ್ಪತ್ರೆಯಲ್ಲಿದ್ದರಂತೆ. ನಿಮಗೆ ಫೋನ್ ಮಾಡಿದ್ದರಂತೆ’ ಎಂದರು ಲೀಲಕ್ಕ. ಕೂಗಲಿಲ್ಲ. ದಿನಸಿ ತರಲು ಹೇಳುವ ದನಿಯಲ್ಲೇ ಹೇಳಿದರು.

ಭಾವನ ಕೈಯ ಕತ್ತಿ ನಿಂತಿತು. ಯಾರು ಹೇಳಿದರು ಎಂದು ಕೇಳಲಿಲ್ಲ. ಇಲ್ಲ ಎನ್ನಲಿಲ್ಲ. ಅವರು ಇಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

‘ಡಾಕ್ಟ್ರು ಗುಣ ಆಗ್ತದೆ ಅಂತ ಹೇಳಿದ್ದಾರೆ ಅಂದ ಅವ’ ಎಂದರು ಕೊನೆಗೆ. ‘ನಿನಗೆ ಹೇಳಿದರೆ ನೀನು ಅಳ್ತಿ, ನೀನು ಅತ್ತರೆ ಅವನ ಧೈರ್ಯ ಹೋಗ್ತದೆ ಅಂತ ಕಂಡಿತು ನನಗೆ. ಮಗುವಿಗೆ ಪರೀಕ್ಷೆ ಬೇರೆ ನಡೀತಾ ಇತ್ತು. ಸ್ವಲ್ಪ ಗುಣ ಆದ ಮೇಲೆ ಮಾತಾಡಿಸುವ ಅಂತ ಇದ್ದೆ. ಮೂರನೇ ದಿನ ಬೆಳಿಗ್ಗೆ ಸುದ್ದಿ ಬಂತು. ಅದರ ಮೇಲೆ ಹೇಗೆ ಹೇಳುವುದು ಲೀಲಾ? ಮಲಗಿದಲ್ಲೇ ಹೋದ ಅಂತ ಹೇಳಿದೆ.’

‘ಅವರು ನನ್ನನ್ನು ಕೇಳಿದ್ರಾ?’

ಭಾವ ಕಡ್ಡಿಗಳನ್ನು ಒಟ್ಟುಗೂಡಿಸಿದರು. ‘ಎರಡು ಸಲವೂ ಕೇಳಿದ. ಮೊದಲ ಸಲ ನೀನು ಗದ್ದೆಯಲ್ಲಿ ಇದ್ದಿ. ಎರಡನೇ ಸಲ...’ ಕತ್ತಿಯನ್ನು ಕೆಳಗಿಟ್ಟರು. ‘ಎರಡನೇ ಸಲ ನೀನು ಅಂಗಳದಲ್ಲೇ ಇದ್ದಿ. ಬಟ್ಟೆ ಒಣಗಿಸ್ತಾ ಇದ್ದಿ. ನೋಡ್ತಾ ಇದ್ದೆ ನಾನು. ಮನೆಯಲ್ಲಿಲ್ಲ ಅಂತ ಹೇಳಿದೆ.’

ನಾನು ಅಂಗಳದ ಕಡೆ ತಿರುಗಿ ನೋಡಿದೆ. ಬಟ್ಟೆ ಒಣಗಿಸುವ ಹಗ್ಗಕ್ಕೂ ಆ ಜಗಲಿಗೂ ನಡುವೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಕೆಟ್ಟವರೊಬ್ಬರು ಹೀಗೆ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅಲ್ಲಿ ಕುಳಿತವರು ಕೆಟ್ಟವರಾಗಿರಲಿಲ್ಲ. ಅವರು ಪಂಚೆಯ ಅಂಚಿನಿಂದ ಕಣ್ಣು ಒರಸಿಕೊಳ್ಳುತ್ತಿದ್ದರು.

ಲೀಲಕ್ಕ ಮತ್ತೇನೂ ಕೇಳದೆ ಮನೆಗೆ ಬಂದರು. ಬಂದು, ನಾವು ಚಹಾ ಕುಡಿದಿದ್ದ ಲೋಟಗಳನ್ನು ತೊಳೆದು ಬೋರಲು ಹಾಕಿದರು. ತೊಳೆದ ಲೋಟಗಳನ್ನೇ ಮತ್ತೆ ತೆಗೆದು ತೊಳೆದರು. ನಾನು ಐದರ ಬಸ್ಸಿಗೆ ಹೊರಟೆ. ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಅವರೇ ಹೊರಡು ಎಂದರು.

ನಾಲ್ಕು ದಿನ ಅವರು ಫೋನ್ ಎತ್ತಲಿಲ್ಲ. ಐದನೇ ದಿನ ಮೂರು ಗಂಟೆಗೆ ಅವರೇ ಮಾಡಿದರು. ನಾನು ಅಭ್ಯಾಸಬಲದಿಂದ, ‘ಹೌ ಆರ್ ಯೂ, ಸಿಸ್ಟರ್?’ ಎಂದುಬಿಟ್ಟೆ.

‘ಐ ಆಮ್ ನಾಟ್ ಫೈನ್’ ಎಂದರು ಲೀಲಕ್ಕ. ಫೈನ್ ಬಿಟ್ಟು ಬೇರೆ ಉತ್ತರವೊಂದನ್ನು ನಮ್ಮ ಹನ್ನೆರಡು ಜನರಲ್ಲಿ ಯಾರೂ ಆವರೆಗೆ ಕೊಟ್ಟಿರಲಿಲ್ಲ. ಆ ದಿನ ಇಪ್ಪತ್ತು ನಿಮಿಷವೂ ನಾವು ಮಾತಾಡದೆ ಫೋನ್ ಹಿಡಿದುಕೊಂಡು ಕುಳಿತೆವು.

ಭಾವನ ಜೊತೆ ಅವರು ಮಾತು ಬಿಡಲಿಲ್ಲ. ಇವತ್ತಿಗೂ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಾರೆ. ಆದರೆ ಭಾವ ಎಂದು ಕರೆಯುವುದನ್ನು ಬಿಟ್ಟರು. ಏನನ್ನೂ ಕರೆಯದೆ ಎದುರು ಹೋಗಿ ನಿಂತು ಮಾತಾಡುತ್ತಾರೆ. ಮಗಳಿಗೆ ಹೇಳಿದ್ದು ಮರುವರ್ಷ. ಅವಳು ದೊಡ್ಡಪ್ಪನ ಮನೆಯ ಮೆಟ್ಟಿಲು ಹತ್ತುವುದನ್ನೇ ನಿಲ್ಲಿಸಿದಳು. ನನ್ನ ಕೆಲಸ ಉಳಿಯಿತು. ಚೌತಿಗೆ ಎರಡು ದಿನ ಮೊದಲು ಯಜಮಾನರು ಕೌಂಟರಿನ ಹಿಂದೆ ನಿಂತು ನಾನು ಹುಡುಗಿಯೊಬ್ಬಳ ತಂದೆಯ ಜೊತೆ ಫೋನಿನಲ್ಲಿ ಮಾತಾಡುವುದನ್ನು ಪೂರ್ತಿ ಕೇಳಿ, ಏನೂ ಹೇಳದೆ ಹೋದರು.

ಆದರೆ ಆ ಮಳೆಗಾಲದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಅದರ ಮುಂದಿನ ಶುಕ್ರವಾರ ಡ್ಯಾನಿಗೆ ಮಾಡಿದ ಫೋನ್. ಮತ್ತೆ ಬಜಗೋಳಿಗೆ ಹೋಗಿದ್ದೆ. ಲೀಲಕ್ಕ ಕೃಶರಾಗಿದ್ದರು. ಕೇಳಲು ತಮಗೆ ಇನ್ನೇನೂ ಇಲ್ಲ, ಹತ್ತಿರ ಕೂತು ನೋಡಿಕೊಂಡದ್ದಕ್ಕೆ ಥ್ಯಾಂಕ್ಸ್ ಹೇಳಿ ಮುಗಿಸುತ್ತೇನೆ ಎಂದರು. ಡ್ಯಾನಿ ಮೊದಲ ಗಂಟೆಗೇ ಎತ್ತಿದ. ಥ್ಯಾಂಕ್ಸ್ ಹೇಳಿದ ಮೇಲೆ ಅವನು, ‘ಮೇಡಂ, ಐ ಹ್ಯಾವ್ ಒನ್ ಕ್ವೆಶ್ಚನ್’ ಎಂದ.

ಅವನು ಹನ್ನೊಂದು ವರ್ಷದಿಂದ ಇವರನ್ನು ಹುಡುಕುತ್ತಿದ್ದದ್ದು ಏನನ್ನೋ ಹೇಳಲಿಕ್ಕಲ್ಲ, ಕೇಳಲಿಕ್ಕೆ. ಕೊನೆಯ ದಿನ ಸದಾನಂದರು ಇಂಗ್ಲಿಷ್ ಬಿಟ್ಟುಬಿಟ್ಟಿದ್ದರಂತೆ. ತಮ್ಮ ಭಾಷೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಇವನಿಗೆ ಅರ್ಥವಾಗಲಿಲ್ಲ. ದಿಂಬು ಸರಿ ಮಾಡಿದ, ಹೊದಿಕೆ ತೆಗೆದ, ಕಿಟಕಿ ತೆರೆದ, ನೀರು ಕುಡಿಸಿದ. ಆದರೂ ಅವರು ಹೇಳುವುದನ್ನು ನಿಲ್ಲಿಸಲಿಲ್ಲ. ‘ಐ ಡೋಂಟ್ ನೋ ವಾಟ್ ಹಿ ವಾಂಟ್. ಆಲ್ವೇಸ್ ಐ ಥಿಂಕ್. ಮೇ ಬಿ ಐ ಡಿಡ್ ನಾಟ್ ಗಿವ್.’ ಆ ಮಾತು ಮರೆಯಬಾರದೆಂದು ಅವತ್ತೇ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ, ಮನೆಯವರದೇ ಮಾತಿರಬಹುದೆಂದು ಬೇರೆ ಯಾರಿಗೂ ತೋರಿಸಿಲ್ಲ, ಓದಲೇ ಎಂದ.

‘ಯೆಸ್’ ಎಂದರು ಲೀಲಕ್ಕ.

ಕಾಗದ ಬಿಡಿಸಿದ ಸದ್ದು ಕೇಳಿಸಿತು. ಆಮೇಲೆ ಆ ಪರದೇಶದ ಮನುಷ್ಯ, ಅಕ್ಷರ ಅಕ್ಷರ ಕೂಡಿಸಿ, ತಪ್ಪು ತಪ್ಪಾಗಿ ತುಳುವಿನಲ್ಲಿ ಓದಿದ: ‘ಇಂಚಿ... ಬಾಲ. ಇಂಚಿ ಬಾಲ.’

ಇಂಚಿ ಬಲ. ಇಲ್ಲಿ ಬಾ ಎಂದು.

ಲೀಲಕ್ಕನ ಕಡೆ ನೋಡಲು ಧೈರ್ಯವಾಗಲಿಲ್ಲ. ಅವರ ಕೈ ಚಾಪೆಯ ಅಂಚನ್ನು ಹಿಡಿದುಕೊಂಡಿದ್ದುದು ಮಾತ್ರ ಕಾಣುತ್ತಿತ್ತು.

‘ವಾಟ್ ಈಸ್ ದ ಮೀನಿಂಗ್, ಮೇಡಂ?’

ಇಲ್ಲಿ ಬಾ ಎಂಬುದಕ್ಕೆ ಇಂಗ್ಲಿಷ್ ನಮಗೆ ಮೊದಲ ವಾರವೇ ಬರುತ್ತಿತ್ತು, ಹುಡುಕಬೇಕಾಗಿರಲಿಲ್ಲ. ಲೀಲಕ್ಕ ಫೋನಿನ ಕಡೆ ಬಾಗಿದರು. ಆಮೇಲೆ, ಒಂದು ಶಬ್ದವೂ ತಡವರಿಸದೆ ಹೇಳಿದರು.

‘ವಾಟರ್. ಹಿ ಆಸ್ಕ್ಡ್ ವಾಟರ್. ಯೂ ಗೇವ್ ವಾಟರ್. ಥ್ಯಾಂಕ್ ಯೂ, ಬ್ರದರ್.’

ಆಚೆ ಕಡೆ ಡ್ಯಾನಿ ಅತ್ತುಬಿಟ್ಟ. ‘ವಾಟರ್’ ಎಂದು ಎರಡು ಮೂರು ಸಲ ತನ್ನಷ್ಟಕ್ಕೇ ಹೇಳಿಕೊಂಡ. ದೇವರು ಒಳ್ಳೆಯದು ಮಾಡಲಿ ಎಂದು ಇವರಿಗೆ ಹೇಳಿ ಫೋನ್ ಇಟ್ಟ.

ಬಹಳ ಹೊತ್ತಿನ ಮೇಲೆ ನಾನು, ‘ಅಕ್ಕ, ಅದು ನೀರು ಅಂತ ಅಲ್ಲ...’ ಎಂದೆ.

‘ನನಗೆ ತುಳು ಬರ್ತದೆ ಮಾರಾಯ್ತಿ’ ಎಂದರು ಲೀಲಕ್ಕ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರಸಿಕೊಳ್ಳಲಿಲ್ಲ. ‘ಎರಡು ದಿನ ಹತ್ತಿರ ಕೂತದ್ದು ಅವನು. ನಾನಲ್ಲ. ಅವನಿಗೆ ಸತ್ಯ ಹೇಳಿ ಎಂತ ಮಾಡ್ಲಿಕ್ಕೆ ಉಂಟು? ಅವರು ಕರೆದದ್ದು ನನ್ನನ್ನು ಅಲ್ವಾ. ನನಗೆ ಕೇಳಿತು.’